ನೀಲವ್ವನ ಹೆಸರಿನ ರಕ್ತ

ಹೊಸ ಯಂತ್ರ ಹಿಡಿದು ಊರೂರು ತಿರುಗುವವನಿಗೆ ನಗೆಗೆ ಬರವಿಲ್ಲ. ನಾನು ಹುಡುಕದಿದ್ದರೂ ಅದೇ ಬಸ್ಸು ಹತ್ತಿ ಬರುತ್ತದೆ. ನನ್ನದು ಮೈಕ್ರೋವೇವ್ ಸೆನ್ಸರಿನ ಸಣ್ಣ ಪೆಟ್ಟಿಗೆ. ಒಂದು ಹನಿ ರಕ್ತ ಇಟ್ಟರೆ ಅದರೊಳಗೆ ತರಂಗ ಹಾಯಿಸಿ, ಪ್ರೋಟೀನ್ ಎಷ್ಟಿದೆ ಎಂದು ನಿಂತಲ್ಲೇ ಹೇಳುತ್ತದೆ. ಹಿರೇಕೆರೂರು, ಸವಣೂರು, ಶಿಗ್ಗಾಂವಿ ಮುಗಿಸಿ ಹಾನಗಲ್ಲಿಗೆ ಹೋಗಬೇಕು. ಅಲ್ಲಿನ ಹಿರಿಯ ಡಾಕ್ಟರೊಬ್ಬರು ಒಪ್ಪಿದರೆ ಪೆಟ್ಟಿಗೆ ಉಳಿಯುತ್ತದೆ, ಇಲ್ಲವಾದರೆ ಅದರ ಜೊತೆ ನಾನೂ ವಾಪಸ್. ಒಪ್ಪೇ ಒಪ್ಪುತ್ತಾರೆ ಎಂಬ ಧೈರ್ಯ ನನಗಿತ್ತು.

ಇನ್ನೊಂದೀಟು

ಹಿರೇಕೆರೂರಿನಲ್ಲಿ ಒಬ್ಬ ಅಜ್ಜಿ ತೋಳು ಚಾಚಿ ಕೂತಳು. ನಾನು ಬೆರಳ ತುದಿಯಿಂದ ಒಂದು ಹನಿ ತೆಗೆದು, "ಆತ್ರಿ ಯವ್ವಾ, ಏಳ್ರಿ" ಎಂದೆ. ಆಕೆ ಏಳಲಿಲ್ಲ.

"ಇಷ್ಟ ಏನು? ನಮ್ಮೂರಿಗೆ ಬಂದವ್ರನ್ನ ಹಿಂಗ ಕಳಿಸಿದ್ರ ಮಂದಿ ಏನಂದಾರು? ಇನ್ನೊಂದೀಟು ತಗೋ ತಮ್ಮಾ."

"ಬ್ಯಾಡ್ರಿ, ಯಂತ್ರಕ್ಕ ಸಾಕು."

"ಯಂತ್ರಕ್ಕ ಆತು. ನಿನಗ?"

ಎಲೆಯ ತಪಾಸಣೆ

ಸವಣೂರಿನಲ್ಲಿ ಬೆಳಿಗ್ಗೆ ಸರಿಯಿದ್ದ ಪೆಟ್ಟಿಗೆ ಮಧ್ಯಾಹ್ನ ಬಾಯಿಗೆ ಬಂದ ಅಂಕಿ ಹೇಳತೊಡಗಿತು. ವೈರು, ಸ್ವಿಚ್ಚು ಎಲ್ಲ ನೋಡಿದ್ದಾಯಿತು. ಕೊನೆಗೆ ಸಿಕ್ಕಿದ್ದು ಆಸ್ಪತ್ರೆಯ ಜವಾನನ ವೀಳ್ಯದೆಲೆಯ ಕಟ್ಟು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಫ್ಯಾನಿನ ಗಾಳಿ ಬರುತ್ತದೆಂದು ಸೆನ್ಸರಿಗೆ ಒತ್ತಿಯೇ ಇಟ್ಟಿದ್ದ. ಪಕ್ಕದಲ್ಲಿ ನೀರು ಕಂಡರೆ ಈ ತರಂಗಕ್ಕೆ ರಕ್ತದ ಮೇಲೆ ಗಮನವಿರುವುದಿಲ್ಲ. ವೀಳ್ಯದೆಲೆಗೇ ಹೆಸರಾದ ಸವಣೂರಿನಲ್ಲಿ ಎಲೆ ಬಾಡಿಸುವುದು ಮಹಾಪಾಪ ಎಂದು ಗೊತ್ತಿದ್ದರೂ ನನಗೆ ಸಿಟ್ಟು ಬಂತು.

"ಕಾಕಾ, ಮಧ್ಯಾಹ್ನದಿಂದ ನಿಮ್ಮ ಎಲಿ ತಪಾಸಣಿ ಮಾಡಾಕತ್ತೇನಲ್ರೀ!"

ಅವನು ಕಟ್ಟನ್ನು ಎದೆಗೊತ್ತಿಕೊಂಡು, "ಏನರ ಜಡ್ಡು ಐತೇನ್ರಿ ಅದಕ್ಕ?" ಎಂದ.

ಡಾಕ್ಟರು ಒಡ್ಡಿದ ಪರೀಕ್ಷೆ

ಶಿಗ್ಗಾಂವಿಯಲ್ಲಿ ಏನೂ ಆಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹಾನಗಲ್ಲಿನ ಡಾಕ್ಟರು ಯಾರಿಗೂ ಹೇಳದೆ ತಮ್ಮದೇ ರಕ್ತವನ್ನು ಎರಡು ಟ್ಯೂಬಿಗೆ ಹಾಕಿದರು. ಒಂದರ ಮೇಲೆ ಆಡೂರಿನ ಗಂಡಸೊಬ್ಬನ ಹೆಸರು, ಇನ್ನೊಂದರ ಮೇಲೆ "ನೀಲವ್ವ, ತಿಳವಳ್ಳಿ" ಎಂದು ಬಾಯಿಗೆ ಬಂದದ್ದು ಬರೆದು ನನ್ನತ್ತ ಕಳಿಸಿದರು. ಎರಡಕ್ಕೂ ಒಂದೇ ಉತ್ತರ ಬಂದರೆ ಪೆಟ್ಟಿಗೆ ಪಾಸು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಪೆಟ್ಟಿಗೆ ಎರಡರಲ್ಲೂ ಪ್ರೋಟೀನ್ ಜಾಸ್ತಿ ಎಂದಿತು, ಅಂಕಿಯೂ ಒಂದೇ.

ಜಾಸ್ತಿ ಎಂದರೆ ಒಳಗೆ ಏನೋ ಕಾಯಿಲೆ ಇರಬಹುದು; ಅಂಥವರನ್ನು ಕರೆಸುವುದು ಅಲ್ಲಿನ ನರ್ಸಕ್ಕನ ಕೆಲಸ. ಆಡೂರಿನ ಗಂಡಸು ಸಿಗಲಿಲ್ಲ. ಆದರೆ ತಿಳವಳ್ಳಿಯಂಥ ಊರಲ್ಲಿ ಒಬ್ಬ ನೀಲವ್ವ ಸಿಗದೆ ಇರುತ್ತಾಳೆಯೇ? ಮರುದಿನ ಮೊದಲ ಬಸ್ಸಿಗೇ ಬಂದಿಳಿದಳು.

"ನಾ ರಕ್ತ ಕೊಟ್ಟೇ ಇಲ್ರಿ!"

"ಹೆದರಿದವ್ರು ಎಲ್ಲಾರೂ ಹಂಗ ಅಂತಾರ" ಎಂದು ನರ್ಸಕ್ಕ ಆಕೆಯನ್ನು ಡಾಕ್ಟರ ಮುಂದೆ ಕೂರಿಸಿದಳು. ನಾನೂ ಸುಮ್ಮನಿರದೆ, "ನಮ್ಮ ಯಂತ್ರ ಸುಳ್ಳು ಹೇಳೂದಿಲ್ಲ ಬಿಡ್ರಿ" ಎಂದೆ.

ನೀಲವ್ವ ಅತ್ತೇಬಿಟ್ಟಳು. ಅದನ್ನು ನೋಡಲಾಗದೆ ಡಾಕ್ಟರು ಬಾಯಿಬಿಟ್ಟರು.

"ಅಳಬ್ಯಾಡವ್ವಾ, ಅದು ನಿಂದಲ್ಲ, ನನ್ನ ರಕ್ತ. ಯಂತ್ರ ಖರೇನ ಹೇಳೇತಿ. ಅದು ಇಲ್ಲೇ ಇರ್ಲಿ."

ನನಗೆ ಕುಣಿಯುವುದೊಂದು ಬಾಕಿ. ನೀಲವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಡಾಕ್ಟರನ್ನು ಕನಿಕರದಿಂದ ನೋಡಿದಳು.

"ಹಂಗಾರ ತಡಾ ಮಾಡಬ್ಯಾಡ್ರಿ ಸಾಹೇಬ್ರ. ಯಾರರ ಛಲೋ ಡಾಕ್ಟರ್‌ಗೆ ತೋರಸ್ರಿ."