ಪ್ರೊಫೆಸರಮ್ಮನ ಕೀಲಿಮಣೆ

"ಕೀಬೋರ್ಡಿಗೋಸ್ಕರ ಅಂಗಡಿಗೆ ಹೋಗ್ತೀರಾ? ಮೂವತ್ತೆಂಟು ವರ್ಷ ಗಣಿತ ಕಲಿಸಿದ ನಾನು ಮನೇಲಿರುವಾಗ? ಕೂತ್ಕೊಳ್ರಿ!" ಎಂದು ಪ್ರೊಫೆಸರಮ್ಮ ಗುಡುಗಿದಾಗ ಯಜಮಾನರು ಆಗಲೇ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯಾಗಿತ್ತು.

ಅಪರಾಧ ಪ್ರೊಫೆಸರಮ್ಮನದೇ. ಕೀಲಿಮಣೆಯ ಸಂದುಗಳಲ್ಲಿ ಧೂಳು ಕಂಡು, ಅದನ್ನು ಸೋಪಿನ ನೀರಿನಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯ ಹಗ್ಗಕ್ಕೆ ನೇತುಹಾಕಿದ್ದರು. ಅದು ಫಳಫಳ ಹೊಳೆಯುತ್ತಲೇ ಪ್ರಾಣ ಬಿಟ್ಟಿತು!

ಗಡಿಯಾರ ರಿಪೇರಿಯ ಯಜಮಾನರು ತಮ್ಮ ಕಸುಬಿನ ಬಗ್ಗೆ ಹನ್ನೊಂದು ವರ್ಷದಿಂದ ಪುಸ್ತಕ ಬರೆಯುತ್ತಿದ್ದರು. ಬಾಕಿ ಇದ್ದದ್ದು ಅರ್ಧ ಪುಟ. ಶುಕ್ರವಾರ ಸಂಜೆ ಐದರೊಳಗೆ ಮುದ್ರಕರಿಗೆ ತಲುಪದಿದ್ದರೆ ಪುಸ್ತಕದ ಸರದಿ ಮುಂದಿನ ವರ್ಷಕ್ಕೆ.

"ಮೌಸ್ ಇದೆಯಲ್ಲ! ಪ್ರೋಗ್ರಾಂ ಬರೆದು ಪರದೆ ಮೇಲೇ ಅಕ್ಷರ ಕೂರಿಸ್ತೀನಿ. ನೀವು ಒತ್ತುತ್ತಾ ಹೋಗಿ."

"ಅದನ್ನ ತಯಾರು ಮಾಡೋಕೆ ಕೀಬೋರ್ಡ್ ಬೇಡ್ವೇನೇ?"

ಇಂಥ ಕ್ಷುದ್ರ ಪ್ರಶ್ನೆಗೆ ಉತ್ತರಿಸದೆ ಪ್ರೊಫೆಸರಮ್ಮ ಪಕ್ಕದ ಮನೆಯ ಟೈಲರಮ್ಮನಿಂದ ಒಂದನ್ನು ಎರವಲು ತಂದರು. ನಾಲ್ಕು ದಿನ ಯಜಮಾನರಿಗೆ ಅದನ್ನು ಮುಟ್ಟಗೊಡಲಿಲ್ಲ.

ಮೊದಲ ದಿನ, ಮೌಸಿನಿಂದ ಅಕ್ಷರ ಒತ್ತಿದ ಕೂಡಲೇ ಕಂಪ್ಯೂಟರು ಬರೆಯುವ ಪುಟವನ್ನೇ ಮರೆಯಿತು; ಅಕ್ಷರ ಎಲ್ಲೂ ಮೂಡಲಿಲ್ಲ. ಮರುದಿನ ಒಂದು 'ಕ' ಒತ್ತಿದರೆ ಹದಿನಾಲ್ಕು ಪುಟ 'ಕ'! ಮೂರನೆಯ ದಿನ ಬಳಕೆಯ ಪ್ರಮಾಣ ಲೆಕ್ಕಹಾಕಿ ಅಕ್ಷರಗಳನ್ನು ವೈಜ್ಞಾನಿಕವಾಗಿ ಜೋಡಿಸಿದರು. 'ಳ' ಎಲ್ಲಿ ಹೋಯಿತೆಂದು ಅವರಿಗೇ ತಿಳಿಯಲಿಲ್ಲ.

"'ಮುಳ್ಳು' ಅನ್ನದೆ ಗಡಿಯಾರದ ಪುಸ್ತಕ ಹೇಗೆ ಮುಗಿಸಲಿ?"

"ಕಡ್ಡಿ ಅಂತ ಬರೀರಿ!"

ಶುಕ್ರವಾರ ನಾಲ್ಕೂವರೆಗೆ ಎಲ್ಲವೂ ಸರಿಹೋಯಿತು. ಪ್ರೊಫೆಸರಮ್ಮ ಕೀಲಿಮಣೆಯನ್ನು ಟೈಲರಮ್ಮನ ಮನೆಯಲ್ಲಿಟ್ಟು, "ಇನ್ನು ನಮಗಿದು ಬೇಕಾಗಲ್ಲ. ಬಂದು ನೋಡಿ," ಎಂದು ಅವರನ್ನೂ ಕರೆತಂದರು. ಬಳಿಕ, "ಮೊದಲಿನಿಂದ ತೋರಿಸ್ತೀನಿ," ಎಂದು ಘನಗಂಭೀರವಾಗಿ ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿದರು.

ಅದು ಪಾಸ್‌ವರ್ಡ್ ಕೇಳಿತು.

"ಹೊಡಿ," ಎಂದರು ಯಜಮಾನರು.

"ಯಾವುದರಿಂದ?"

ಪ್ರೊಫೆಸರಮ್ಮನ ಕೀಲಿಮಣೆ ಒಳಗಿತ್ತು. ಒಳಗೆ ಹೋಗಲು ಕೀಲಿಮಣೆ ಬೇಕಿತ್ತು.

"ನನ್ನದೇ ತರ್ಲಾ ಮೇಡಂ?"

"ಬೇಡ!"

"ಹನ್ನೊಂದು ವರ್ಷ ಕಣೇ..." ಯಜಮಾನರು ಗೋಡೆ ಗಡಿಯಾರ ನೋಡಿದರು. ಪ್ರೊಫೆಸರಮ್ಮ ಆ ವಾರದಲ್ಲಿ ಮೊದಲ ಸಲ ಅವರ ಮುಖ ನೋಡಿದರು. "ತನ್ನಿ," ಎಂದರು.

ಆದರೆ ಟೈಲರಮ್ಮ ಪರದೆಯ ಮೂಲೆಯಲ್ಲಿದ್ದ ಪುಟ್ಟ ಚಿತ್ರದ ಮೇಲೆ ಕುತೂಹಲಕ್ಕೆ ಮೌಸ್ ಒತ್ತಿದ್ದರು. ಒಂದು ಪಟ್ಟಿ ತೆರೆಯಿತು. ಅದರಲ್ಲೊಂದನ್ನು ಒತ್ತಿದರು. ಪರದೆಯ ತುಂಬ ಅಂದವಾದ ಕೀಲಿಮಣೆ ಬಂದು ಕೂತಿತು!

ಯಜಮಾನರು ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಕುಳಿತು, ಅದರಿಂದಲೇ ಒಳಗೆ ಹೋಗಿ, ಅದರಿಂದಲೇ ಅರ್ಧ ಪುಟ ಮುಗಿಸಿ, ಐದಕ್ಕೆ ಎರಡು ನಿಮಿಷವಿರುವಾಗ ಪುಸ್ತಕ ಕಳಿಸಿದರು.

"ಅಬ್ಬಾ ಮೇಡಂ! ನಾಲ್ಕೇ ದಿನಕ್ಕೆ ಎಷ್ಟು ನೀಟಾಗಿ ಮಾಡಿದ್ದೀರಿ!"

ಯಜಮಾನರು ಸೂರು ನೋಡತೊಡಗಿದರು.

"ಇದು ನಾನು ಮಾಡಿದ್ದಲ್ಲ," ಎಂದರು ಪ್ರೊಫೆಸರಮ್ಮ. "ಕಂಪ್ಯೂಟರ್ ಕೊಂಡ ದಿನದಿಂದ್ಲೂ ಇಲ್ಲೇ ಇತ್ತು ಅಂತ ಕಾಣುತ್ತೆ."

"ಹಾಗಾದ್ರೆ ನಿಮ್ಮದು ತೋರ್ಸಿ!"

"ಬೇಡಮ್ಮ. ಇದನ್ನ ನೋಡಿದ ಕಣ್ಣಲ್ಲಿ ಅದನ್ನ ನೋಡಬಾರದು."