ನಡುಮನೆಯಲ್ಲಿ ಗುಜರಾತು

ನಮ್ಮ ಮೈದುನ ಮೂರು ಹೊರರಾಜ್ಯಗಳಲ್ಲಿ ಸಂಸಾರ ಮಾಡಿದವನು. ಗುಜರಾತಿನಲ್ಲಿ ಒಂದು ತಿಂಗಳು, ಮಹಾರಾಷ್ಟ್ರದಲ್ಲಿ ಹದಿನೈದು ದಿನ, ಆಂಧ್ರದಲ್ಲಿ ಒಂಬತ್ತೇ ದಿನ. ಇದಕ್ಕಾಗಿ ಅವನು ರೈಲು ಹತ್ತಲಿಲ್ಲ, ಟಿಕೆಟ್ಟಿಗೆ ಕಾಸು ಕೊಡಲಿಲ್ಲ. ಮೂರು ರಾಜ್ಯಗಳೂ ಹೊನ್ನವಳ್ಳಿಯ ನಮ್ಮ ನಡುಮನೆಯಲ್ಲೇ ನಡೆದವು. ನಂಬಿಕೆ ಬರುವುದಿಲ್ಲ ಅಲ್ಲವೇ? ನನಗೂ ಬರುತ್ತಿರಲಿಲ್ಲ. ಆದರೆ ನಡುಮನೆಗೆ ಅಡ್ಡ ಕಟ್ಟಿದ್ದ ಹಗ್ಗದ ಈಚೆ, ಕರ್ನಾಟಕದಲ್ಲಿ, ಕೂತಿದ್ದವಳು ನಾನೇ!

ಮೈದುನ ಎಂದರೆ ನನ್ನ ಗಂಡನ ತಮ್ಮ. ಗಂಡ ತೀರಿಕೊಂಡ ಮೇಲೂ ನಾನು, ಅವನು, ಅವನ ಹೆಂಡತಿ ಒಂದೇ ಮನೆಯಲ್ಲಿದ್ದೆವು. ಅವರಿಗೆ ಮಕ್ಕಳಿರಲಿಲ್ಲ. ನನ್ನ ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಅವನು ತಿಪಟೂರಿನ ಒಂದು ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕಿದ್ದ. ನಮ್ಮ ಕಡೆ ಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತೇವೆ. ಕೆಳಗೆ ಒಲೆ ಉರಿಯುತ್ತದೆ, ಹೊಗೆ ಮೇಲಕ್ಕೆ ಹೋಗುತ್ತದೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಲೊಡ್ಡು ಲೊಡ್ಡು ಎಂದರೆ ಆಯಿತು.

ಈ ಅಲ್ಲಾಡಿಸುವುದರಲ್ಲಿ ನಮ್ಮ ಮೈದುನನನ್ನು ಮೀರಿಸಿದವರಿರಲಿಲ್ಲ. ಅದು ಅವನ ತಲೆಗೇರಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸುತ್ತಿದ್ದ. ಬೆಂಕಿಪೊಟ್ಟಣ, ಔಷಧಿ ಸೀಸೆ, ಯಾರೋ ರಿಪೇರಿಗೆ ಒಯ್ಯುತ್ತಿದ್ದ ಗಡಿಯಾರ. ಹೆಣ್ಣು ನೋಡಲು ದಬ್ಬೇಘಟ್ಟಕ್ಕೆ ಹೋದಾಗ ಹುಡುಗಿ ತಲೆ ಬಗ್ಗಿಸಿ ಬಂದು ನಿಂತಳು. ಇವನು ಹುಡುಗಿಯನ್ನು ನೋಡಲಿಲ್ಲ. ತಾಂಬೂಲದ ತಟ್ಟೆಯಲ್ಲಿದ್ದ ಕಾಯಿ ಎತ್ತಿ ಅಲ್ಲಾಡಿಸಿ, ಇದರಲ್ಲಿ ನೀರೇ ಇಲ್ಲವಲ್ಲ ಎಂದುಬಿಟ್ಟ! ಹುಡುಗಿಯ ಅಪ್ಪನ ಮುಖ ಕಪ್ಪಿಟ್ಟಿತು. ಹುಡುಗಿ ಮಾತ್ರ ನಕ್ಕುಬಿಟ್ಟಳು. ಆ ಒಂದು ನಗುವಿನಿಂದ ಮದುವೆ ಆಯಿತು. ಇಲ್ಲದಿದ್ದರೆ ಅವನಿಗೆ ಯಾರು ಹೆಣ್ಣು ಕೊಡುತ್ತಿದ್ದರು?

ಆ ನಕ್ಕವಳಿಗೆ, ನನ್ನ ವಾರಗಿತ್ತಿಗೆ, ಮೂವತ್ತು ದಾಟುವ ಹೊತ್ತಿಗೆ ಉಬ್ಬಸ ಹತ್ತಿತು. ಒಲೆಯ ಮುಂದೆ ಕೂತರೆ ಉಬ್ಬಸ, ಕಾಯಿ ಸುಲಿಯುವಾಗ ಎದ್ದ ನಾರಿನ ಧೂಳು ಮೂಗಿಗೆ ಹೋದರೆ ಉಬ್ಬಸ. ಅವಳ ತವರಿನಲ್ಲೂ ಅದೇ ತೋಟ, ಅದೇ ಅಟ್ಟ, ಅದೇ ಹೊಗೆ. ತಿಪಟೂರಿನ ಡಾಕ್ಟರು, ಈ ಹೊಗೆ ಧೂಳು ಬಿಟ್ಟು ಒಣಹವೆ ಇರುವ ಊರಿಗೆ ಕರೆದುಕೊಂಡು ಹೋದರೆ ಬದುಕುತ್ತಾಳೆ, ಇಲ್ಲೇ ಇಟ್ಟುಕೊಂಡರೆ ನನ್ನನ್ನು ಕೇಳಬೇಡಿ ಎಂದರು. ಮಂಡಿಯ ಸಾಹುಕಾರರಿಗೆ ಗುಜರಾತು, ಮಹಾರಾಷ್ಟ್ರ, ಆಂಧ್ರ ಮೂರು ಕಡೆಯೂ ಬೇಕಾದ ವರ್ತಕರಿದ್ದರು. ನಮ್ಮ ಕೊಬ್ಬರಿಯೆಲ್ಲ ಹೋಗುತ್ತಿದ್ದುದು ಅವರಿಗೇ. ಯಾವ ಊರು ಬೇಕೋ ಹೇಳು, ಸಂಬಳ ಕೊಡಿಸುತ್ತೇನೆ, ಎರಡು ಕೋಣೆ ಕೊಡಿಸುತ್ತೇನೆ, ಈ ವಾರವೇ ಹೊರಡು ಎಂದರು ಆ ಪುಣ್ಯಾತ್ಮರು.

ಬೇರೆ ಯಾರಾದರೂ ಆಗಿದ್ದರೆ ಹೊರಟುಬಿಡುತ್ತಿದ್ದರು. ಇವನು ಯೋಚನೆಗೆ ಕೂತ.

ಆಗ ನಮ್ಮ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಎರಡು ಮೂರು ವರ್ಷವಾಗಿತ್ತು. ಬೇಗ ಹೊರಡಪ್ಪ ಎಂದು ನಾನು ಬೈದರೆ ಅವನು, "ಅವಸರ ಯಾಕತ್ಗೆ? ಆಗ್ಲೇ ಒಂದ್ಸಲ ಬೇರೆ ರಾಜ್ಯಕ್ಕೆ ಬಂದಿದ್ದೀವಿ, ಕೂತಲ್ಲೇ, ಒಂದು ಪೈಸಾ ಖರ್ಚಿಲ್ದೆ. ಅದ್ರಿಂದ ಇವಳ ಉಬ್ಬಸ ಹೋಯ್ತಾ?" ಎಂದ.

ಮೂರೂ ಊರಿನ ಅಂಗಡಿಗಳಿಗೆ ಕಾಗದ ಬರೆಸಿದ. ಅಲ್ಲಿ ರಾಗಿ ಸಿಗುತ್ತದೆಯೇ, ಸೇರಿಗೆ ಎಷ್ಟು? ಬಾವಿಯೋ ನಲ್ಲಿಯೋ? ಹಾಲಿಗೆ ಹೆಪ್ಪು ಹಾಕಲು ಪಕ್ಕದ ಮನೆಯಲ್ಲಿ ಒಂದು ಚಮಚ ಮಜ್ಜಿಗೆ ಕೇಳಿದರೆ ಕೊಡುತ್ತಾರೋ, ಬಾಗಿಲು ಹಾಕಿಕೊಳ್ಳುತ್ತಾರೋ? ಹೆಂಗಸು ಜಗಲಿಯ ಮೇಲೆ ಕೂತು ತಲೆ ಬಾಚಿಕೊಂಡರೆ ಯಾರಾದರೂ ಏನಾದರೂ ಅನ್ನುತ್ತಾರೆಯೇ? ಕೊನೆಗೆ, ತೆಂಗಿನಕಾಯಿ ಒಂದಕ್ಕೆ ಎಷ್ಟು? ಈ ಕೊನೆಯದಕ್ಕೆ ಬಂದ ಉತ್ತರ ಓದಿಸಿಕೊಂಡು ಅವನು ಎರಡು ದಿನ ಮಂಕಾಗಿ ಕೂತಿದ್ದ. ನಮ್ಮ ಕಡೆ ಕಾಯಿ ಮಾರುತ್ತಾರೆ. ಕಾಯಿಯನ್ನು ದುಡ್ಡು ಕೊಟ್ಟು ತರುವುದು ಎಂದರೆ, ಉಸಿರಾಡುವ ಗಾಳಿಯನ್ನು ಅಂಗಡಿಯಿಂದ ಕಟ್ಟಿಸಿಕೊಂಡು ಬಂದಂತೆ.

ಮಂಡಿಯವರು ಹೇಳಿದ್ದನ್ನು ಅವನು ನಂಬಲಿಲ್ಲ, ಡಾಕ್ಟರು ಹೇಳಿದ್ದನ್ನೂ ನಂಬಲಿಲ್ಲ. ಅವನು ನಂಬುತ್ತಿದ್ದುದು ಕಾಯಿಯನ್ನು ಮಾತ್ರ. ಒಂದೇ ಮರದ ಒಂದೇ ಗೊನೆಯಿಂದ ಮೂರು ಕಾಯಿ ಆರಿಸಿ, ಸುಣ್ಣದ ಬೊಟ್ಟಿಟ್ಟು, ಕೊಬ್ಬರಿ ಲಾರಿಗಳಲ್ಲಿ ಮೂರು ರಾಜ್ಯಗಳಿಗೆ ಕಳಿಸಿದ. ಅಲ್ಲಿ ಎತ್ತರದಲ್ಲಿ, ಹೊಗೆಯಿಲ್ಲದ ಜಾಗದಲ್ಲಿ ಇಡಬೇಕು. ಎಲ್ಲಿಯ ಕಾಯಿ ಕೆಡದೆ ಬೇಗ ಕೊಬ್ಬರಿಯಾಗುತ್ತದೆಯೋ ಅಲ್ಲಿಯ ಹವೆ ಒಣಹವೆ. ಅಲ್ಲಿಗೆ ಹೆಂಡತಿಯನ್ನು ಕರೆದೊಯ್ಯುವುದು. ಕಾಯಿ ಕೊಬ್ಬರಿಯಾಗಲು ಎಷ್ಟು ದಿನ ಬೇಕು ಎಂದು ಆಗಲೇ ಹೇಳಿದ್ದೇನೆ. ಅಷ್ಟು ದಿನ ಉಸಿರು ಕಾಯುತ್ತದೆಯೇ?

ವಾರಗಿತ್ತಿ ಎದುರು ಮಾತಾಡುವವಳಲ್ಲ. ಆ ದಿನ ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು.

"ಮೊದ್ಲು ನನ್ನನ್ನ ಕಳ್ಸಿ. ಕಾಯಿ ಆಮೇಲೆ ಕಳ್ಸಿದ್ರಾಯ್ತು."

"ಕಾಯಿ ಕೆಟ್ರೆ ಇನ್ನೊಂದು ಕೀಳ್ಬೋದು ಕಣೇ," ಎಂದ ಅವನು. "ನೀ ಕೆಟ್ರೆ ಎಲ್ಲಿಂದ ತರ್ಲಿ?"

ಅವನ ಹುಚ್ಚಿನ ಬುಡ ಇರುವುದು ಅಲ್ಲಿ ಎಂದು ನನಗೆ ಆವತ್ತು ಗೊತ್ತಾಯಿತು. ಗೊತ್ತಾಗಿ ಏನು ಬಂತು?

ಕಾಯಿ ಒಣಗುವ ತನಕ ಸುಮ್ಮನೆ ಕೂರುವುದು ಹೇಗೆ? ಅದಕ್ಕೇ ಈ ತಾಲೀಮು. ಪರರಾಜ್ಯದಲ್ಲಿ ಬದುಕಲು ಆಗುತ್ತದೋ ಇಲ್ಲವೋ ಎಂದು ಮೊದಲು ಮನೆಯಲ್ಲೇ ಬದುಕಿ ನೋಡುವುದು. ನಡುಮನೆಗೆ ಹಗ್ಗ ಕಟ್ಟಿದ. ಆಚೆಗಿನ ಎರಡು ಅಂಕಣ ಗುಜರಾತು. ಅಡುಗೆಮನೆ, ಬಚ್ಚಲು, ನಾನು, ಎಲ್ಲ ಕರ್ನಾಟಕ. ಗುಜರಾತಿನಲ್ಲಿ ಸೀಮೆಣ್ಣೆ ಸ್ಟವ್ವು ಬಂತು, ಗೋಧಿ ರೊಟ್ಟಿ ಬಂತು. ಕಾಯಿ ವಾರಕ್ಕೆ ಅರ್ಧ. ಅಟ್ಟದ ಮೇಲೆ ಸಾವಿರಾರು ಕಾಯಿ, ಅದರ ಕೆಳಗೆ ಗಂಡ ಹೆಂಡತಿ ಅರ್ಧ ಕಾಯಿಯ ಮುಖ ನೋಡಿಕೊಂಡು ಕೂತಿದ್ದರು! ಅವನು ಮಂಡಿಗೆ ಹೋದ ಮೇಲೆ ವಾರಗಿತ್ತಿ ಹಗ್ಗದ ಕೆಳಗೆ ನುಸುಳಿ ನನ್ನ ಹತ್ತಿರ ಬಂದು ಒಂದು ಚೂರು ಮುದ್ದೆ, ಒಂದು ಹಿಡಿ ಕಾಯಿತುರಿ ತಿಂದು ಹೋಗುತ್ತಿದ್ದಳು. ಬಾಯಿ ಒರೆಸಿಕೊಂಡು ಹೋಗೇ, ಕಳ್ಳಸಾಗಣೆ ಸಿಕ್ಕಿಬೀಳುತ್ತದೆ ಎನ್ನುತ್ತಿದ್ದೆ. ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು. ಆಮೇಲೆ ನಾನೇ ನಗಿಸುವುದನ್ನು ಬಿಟ್ಟೆ.

ಆ ತಿಂಗಳಲ್ಲೇ ತುರುವೇಕೆರೆಯಿಂದ ಅವನ ಅಕ್ಕ ಬಂದಳು, ಗಂಟು ಹೊತ್ತುಕೊಂಡು. ಇವನು ಹಗ್ಗದ ಆಚೆಯಿಂದಲೇ, "ಈ ತಿಂಗ್ಳು ನಾವು ಊರಲ್ಲಿಲ್ಲ ಕಣಕ್ಕ. ಅತ್ಗೆ ಅವ್ರೆ, ಅವ್ರತ್ರ ಉಂಡು ಹೋಗು," ಎಂದ. ಅವಳು ಗಂಟು ಇಳಿಸಲೂ ಇಲ್ಲ. ಹಾಗೇ ತಿರುಗಿದವಳು ಆರು ತಿಂಗಳು ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ನಮ್ಮ ಗುಜರಾತಿಗೆ ಅಷ್ಟೊಂದು ಬಿಗಿ ಇತ್ತು. ಹೊಗೆ ಒಂದಕ್ಕೆ ಮಾತ್ರ ಹಗ್ಗದ ಹಂಗಿರಲಿಲ್ಲ. ಕರ್ನಾಟಕದ ಒಲೆಯಿಂದ ಎದ್ದು ಸಲೀಸಾಗಿ ಗುಜರಾತಿಗೆ ಹೋಗುತ್ತಿತ್ತು.

ಆಂಧ್ರ ಒಂಬತ್ತೇ ದಿನ ಎಂದೆನಲ್ಲ, ಮೆಣಸಿನಕಾಯಿಯ ಘಾಟಿಗೆ ವಾರಗಿತ್ತಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಅವನೇ ಹೆದರಿ ಆ ರಾಜ್ಯವನ್ನು ಮುಚ್ಚಿದ. ಮಹಾರಾಷ್ಟ್ರದ ಊರಿನಲ್ಲಿ ನಲ್ಲಿ ನೀರು ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಎಂದು ಕಾಗದ ಬಂದಿತ್ತು. ಅದಕ್ಕೆ ತಿಪಟೂರಿನ ಮೊದಲ ಬಸ್ಸು ಹಾರನ್ನು ಹೊಡೆದ ಮೇಲೆ ನಮ್ಮ ಬಾವಿ ಬಂದ್! ಒಂದು ದಿನ ಬಸ್ಸು ಬೇಗ ಬಂದುಬಿಟ್ಟಿತು. ಇವನ ತಲೆತುಂಬ ಸೋಪು. ನಾನು ಕರ್ನಾಟಕದಿಂದ ಒಂದು ಬಿಂದಿಗೆ ನೀರು ಚಾಚಿದೆ. ಬೇಡ ಎಂದ. ಟವಲಿನಲ್ಲಿ ಒರೆಸಿಕೊಂಡು ಕಿವಿಯಲ್ಲಿ ನೊರೆ ಇಟ್ಟುಕೊಂಡೇ ಮಂಡಿಗೆ ಹೋದ. ಆ ದಿನ ಯಾವ ಕಾಯಿ ಅಲ್ಲಾಡಿಸಿದರೂ ಅವನಿಗೆ ಸದ್ದೇ ಕೇಳಲಿಲ್ಲವಂತೆ.

ನಗುತ್ತೀರಿ. ಊರೂ ನಗುತ್ತಿತ್ತು. ನಾನು ಊರಿಗಿಂತ ಮುಂಚೆ ನಕ್ಕಿದ್ದೇನೆ. ಆದರೆ ಇವನನ್ನು ಹುಚ್ಚ ಎಂದ ನಾನು ಏನು ಮಾಡಿದೆ ಹೇಳಿ. ಅಟ್ಟದ ಕಾಯಿಗಳಲ್ಲಿ ಅರ್ಧ ನನ್ನ ಪಾಲಿನವು. ಅವನ್ನು ಇಳಿಸಿ ಒಲೆಯನ್ನು ಹಿತ್ತಿಲಿಗೆ ಹಾಕಿದ್ದರೆ ಹೊಗೆ ಕಡಿಮೆಯಾಗುತ್ತಿತ್ತು. ಹಸಿಕಾಯಿಗೂ ಕೊಬ್ಬರಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಎಂದು ನನಗೆ ಗೊತ್ತಿತ್ತು. ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ?

ಒಂಬತ್ತನೆಯ ತಿಂಗಳಿಗೆ ಕಾಯಿಗಳ ಸುದ್ದಿ ಬಂತು. ಆಂಧ್ರದ ಅಂಗಡಿಯವರು ಅದನ್ನು ಹಬ್ಬದ ಪೂಜೆಗೆ ಒಡೆದುಬಿಟ್ಟಿದ್ದರು. ಒಳ್ಳೆಯ ಕಾಯಿ, ಇನ್ನೊಂದು ಕಳಿಸಿ ಎಂದು ಬೇರೆ ಬರೆದಿದ್ದರು. ಮಹಾರಾಷ್ಟ್ರದ್ದು ಕೊಳೆತಿತ್ತು. ಗುಜರಾತಿನದು ಲಾರಿಯಲ್ಲಿ ವಾಪಸು ಬಂತು. ಅಲ್ಲಾಡಿಸಿದ. ಮುಖ ಅರಳಿತು. ಒಡೆದರೆ ಕಲೆಯಿಲ್ಲದ ಉಂಡೆ, ನಮ್ಮ ಅಟ್ಟದ ಕಾಯಿ ಇನ್ನೂ ಅರೆಬರೆ ಇರುವಾಗಲೇ! ಆ ಕೊಬ್ಬರಿಯನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಯವರಿಗೆಲ್ಲ ತೋರಿಸಿ ಬಂದ. ಹೆಂಡತಿಯ ಮುಂದೆ ಹಿಡಿದು, "ನೋಡೇ, ಗುಜರಾತು," ಎಂದ. ಅವಳು ನೋಡಿದಳು. ಆ ಹೊತ್ತಿಗೆ ಅವಳಿಗೆ ಬಾವಿಯವರೆಗೆ ನಡೆಯುವ ಶಕ್ತಿಯೂ ಇರಲಿಲ್ಲ.

ಟಿಕೆಟ್ಟು ಆಯಿತು. ಟ್ರಂಕಿಗೆ ರಾಗಿಹಿಟ್ಟು ತುಂಬಿದೆ. ಹೊರಡುವ ಹಿಂದಿನ ದಿನ ಡಾಕ್ಟರಿಗೆ ತೋರಿಸಿದರೆ ಅವರು ಅವಳ ಎದೆ ನೋಡಿ, ಇನ್ನು ಇಷ್ಟು ದೂರದ ರೈಲು ಇವಳ ಕೈಲಿ ಆಗುವುದಿಲ್ಲ, ಹೋದ ವರ್ಷವೇ ಹೋಗಬೇಕಿತ್ತು ಎಂದರು. ಇವನು ಮಂಡಿಯಲ್ಲಿ ದಿನಕ್ಕೆ ಸಾವಿರ ಕಾಯಿಯ ಒಳಗು ಹೇಳುವವನು. ಡಾಕ್ಟರು ಹೇಳಿದ್ದು ಅರ್ಥವಾಗದವನ ಹಾಗೆ ನನ್ನ ಮುಖ ನೋಡಿದ.

ಮನೆಗೆ ಬಂದವನೇ ಏಣಿ ಹಾಕಿ ಅಟ್ಟ ಹತ್ತಿದ. ಇದ್ದಬದ್ದ ಕಾಯಿಯನ್ನೆಲ್ಲ ಕೆಳಗೆ ಉರುಳಿಸಿದ, ಬಲಿತದ್ದು ಬಲಿಯದ್ದು ನೋಡಲಿಲ್ಲ. ಧೂಳಾಗುತ್ತದೆಂದು ಅವಳನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂರಿಸಿದ್ದೆವು. ನನ್ನ ಪಾಲಿನ ಕಾಯಿಯನ್ನು ನಾನೇ ಕೈಯಾರೆ ಗಾಡಿಗೆ ಹಾಕಿದೆ. ಕೇಳಿದ ಬೆಲೆಗೆ ಹೋದವು. ಅರೆಗೊಬ್ಬರಿ ಮಾರುವ ಮಂಡಿಯವನನ್ನು ಕಂಡು ಜನ ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕರು. ಒಲೆಯನ್ನು ಹಿತ್ತಿಲಿಗೆ ಸಾಗಿಸಿದೆವು. ನೆಲ ಸಾರಿಸಿದೆ. ಮನೆಯೊಳಗೆ ಹೊಗೆಯಿಲ್ಲ, ಧೂಳಿಲ್ಲ. ಎಲ್ಲ ಸೇರಿ ಒಂದು ದಿನದ ಕೆಲಸ.

ಅದಾಗಿ ಹನ್ನೆರಡು ದಿನ ಅವಳು ಇದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿದರೆ ಬೆನ್ನು ನೋಯುತ್ತಿತ್ತು. ಅದಕ್ಕೆ ಅವನು ಮಂಡಿ ಬಿಟ್ಟು, ನಡುಮನೆಯಲ್ಲಿ ಅವಳ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂರುತ್ತಿದ್ದ. ಅವಳು ಮುಂಬಾಗಿಲ ಕಡೆ, ಅವನು ಹಿತ್ತಿಲ ಕಡೆ. ಅಷ್ಟು ಮಾತಾಡುತ್ತಿದ್ದವನು ಸುಮ್ಮನೆ ಕೂರುವುದನ್ನು ಕಲಿತದ್ದು ಆಗಲೇ.

ಹನ್ನೆರಡನೆಯ ದಿನ ಮಧ್ಯಾಹ್ನ ನಾನು ತೋಟದಿಂದ ಬಂದೆ. ಮುಂಬಾಗಿಲಲ್ಲಿ ನಿಂತು ಅವಳ ಮುಖ ನೋಡಿದೆ. ಎದುರಿಗೆ ಹೋಗಿ ಕೂತು ಕೈ ಮುಟ್ಟಿದೆ. ಆಮೇಲೆ ಸುತ್ತಿಕೊಂಡು ಅವನ ಕಡೆಗೆ ಹೋದೆ. ಊಟ ಮಾಡಿದೆಯಾ ಎಂದೆ. ಬೆಳಿಗ್ಗೆಯಿಂದ ಏನೂ ಇಲ್ಲವಂತೆ.

"ಮೆತ್ಗೆ ಮಾತಾಡತ್ಗೆ," ಎಂದ ಪಿಸುಮಾತಿನಲ್ಲಿ. "ಅಲುಗಾಡಿದ್ರೆ ಎದ್ದುಬುಡ್ತಾಳೆ. ಉಬ್ಬಸ ನಿಂತದೆ. ಈಗ ನಿದ್ದೆ ಬಂದದೆ."

ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಸಮಾಧಾನವಿತ್ತು.

ನಾನು ಹಿತ್ತಿಲಿಗೆ ಹೋಗಿ ಬೆಳಗಿನ ಮುದ್ದೆ, ಸಾರು ತಂದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಹೇಳಿಬಿಟ್ಟರೆ ಇನ್ನು ಯಾವಾಗ ಅವನ ಬಾಯಿಗೆ ತುತ್ತು ಹೋಗುತ್ತದೋ ಯಾರಿಗೆ ಗೊತ್ತು? ನೀನು ಕೈ ಆಡಿಸಬೇಡಪ್ಪ, ಅವಳಿಗೆ ಅಲುಗಾಡುತ್ತದೆ ಎಂದೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ಅವನ ಬಾಯಿಗಿಟ್ಟೆ. ಸದ್ದು ಮಾಡದೆ ನುಂಗಿದ. ನೀರು ಕುಡಿಸಿದೆ. ಸೆರಗಿನಿಂದ ಬಾಯಿ ಒರೆಸಿದೆ.

ಆಮೇಲೆ ಹೇಳಿದೆ.