ಪಡಸಾಲೆಯ ಸಮುದ್ರ ಮನೆ ಬದಲಿಸಿದ್ದು

ಉಪ್ಪುನೀರಿನ ಮೀನು ಸಾಕುವವರ ಮೇಲೆ ಊರಿಗೆ ಯಾವಾಗಲೂ ಒಂದು ಕಣ್ಣು. ನಾನು ದಾಂಡೇಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು ಸಮುದ್ರದ ಮೀನು, ಕಲ್ಲು, ಮೆತ್ತನೆಯ ಹವಳ ಸಾಕಿದ್ದೇನೆ. ಅವು ಬೆಳೆದು ಜಾಗ ಸಾಲದಾಯಿತು. ದೊಡ್ಡ ತೊಟ್ಟಿಗೆ ಸಾಗಿಸಲು ಹೊರಟೆ ನೋಡಿ, ಅಲ್ಲಿಂದ ಯಾರೂ ನಮ್ಮನ್ನು ನಂಬಲಿಲ್ಲ.

ರುಚಿ ನೋಡಿದವರು

ದೊಡ್ಡ ತೊಟ್ಟಿಗೆ ನೀರೂ ಹೆಚ್ಚು ಬೇಕು. ನಾನು, ನನ್ನ ಗಂಡ ಜೀಪಿನಲ್ಲಿ ಕಾರವಾರಕ್ಕೆ ಹೋಗಿ ಕ್ಯಾನು ತುಂಬಿಕೊಂಡು ಅಣಶಿ ಘಟ್ಟ ಹತ್ತಿ ಬರುತ್ತಿದ್ದೆವು. ಒಂದು ತಪಾಸಣೆ ನಾಕೆಯಲ್ಲಿ ಗಾರ್ಡ್ ಅಡ್ಡ ಬಂದರು.

“ಕ್ಯಾನಿನ್ಯಾಗ ಏನೈತ್ರಿ?”

“ಸಮುದ್ರದ ನೀರ್ರಿ. ಮೀನಿಗೆ,” ಅಂದರು ನಮ್ಮವರು.

“ದಾಂಡೇಲ್ಯಾಗ ಅಷ್ಟ್ ದೊಡ್ಡ ಹೊಳಿ ಐತಿ. ಮೀನಿಗೆ ಅದು ಸಾಲಂಗಿಲ್ಲೇನು?”

ಮುಚ್ಚಳ ತೆಗೆದು ಮೂಸಿದರು. ಅವರು ಹುಡುಕಿದ ಸಾರಾಯಿಯ ವಾಸನೆ ಬರಲಿಲ್ಲ. ಅನುಮಾನ ಇನ್ನೂ ಹೆಚ್ಚಿತು. ಬೊಗಸೆ ತುಂಬ ತೆಗೆದು ಗಟಗಟ ಕುಡಿದೇಬಿಟ್ಟರು. ಮುಖ ಕಿವುಚಿಕೊಂಡು, ಕೆಮ್ಮಿ, ಕಣ್ಣು ಒರೆಸಿಕೊಂಡು, ಹೋಗಿ ಎಂಬಂತೆ ಕೈ ಬೀಸಿದರು.

ನಮ್ಮ ಹಿಂದೊಂದು ವ್ಯಾನು. ಅದರಲ್ಲೂ ಕ್ಯಾನು. ಡ್ರೈವರ್ ತಲೆ ಹೊರಗೆ ಹಾಕಿ, “ನಮ್ದೂ ಅದ ರೀ ಸಾಹೇಬ್ರ, ರುಚಿ ನೋಡ್ತೀರೇನು?” ಅಂದ. ಗಾರ್ಡ್ ದೂರದಿಂದಲೇ ಅವನಿಗೂ ಕೈ ಬೀಸಿದರು. ಆ ವ್ಯಾನು ನಮ್ಮನ್ನು ದಾಟಿ ಹೋದಾಗ ಘಟ್ಟದ ತುಂಬ ಗೋವಾ ಫೆನಿಯ ಘಮ.

ಹವಳ

ಸಾಗಿಸುವ ದಿನ ಮೀನು ಒಂದು ಬಕೆಟ್ಟಿನಲ್ಲಿ, ಹವಳ ಇನ್ನೊಂದರಲ್ಲಿ, ಎಲ್ಲ ಜಗಲಿಯ ಮೇಲೆ. ಪಕ್ಕದ ಮನೆಯ ಕಾಕು ಹಳಿಯಾಳ ಕಡೆಯವರು, ಹಣೆಗೆ ಈಬತ್ತಿ ಹಚ್ಚದೆ ನೀರೂ ಮುಟ್ಟುವವರಲ್ಲ. ಮೂಗಿಗೆ ಸೆರಗು ಹಿಡಿದು ಬಂದು ನಮ್ಮ ಅತ್ತೆಯನ್ನು ಕೇಳಿದರು: “ಅಕ್ಕಾರ, ಮೀನ ಬೇಯಸಾಕತ್ತೀರೇನು? ವಾಸನಿ ಬರಾಕತ್ತೈತಿ.”

“ಶಿವ ಶಿವಾ! ಹವಳ ರೀ ಅವು. ನಮ್ಮ ಸೊಸಿ ಸಾಕ್ಯಾಳ.”

“ಹವಳಾ? ಬಕೆಟ್‌ನ್ಯಾಗ?”

ಕಾಕು ಬಗ್ಗಿ ನೋಡಿದರು. ಒಳಗೆ ಕಂದು ಬಣ್ಣದ ಮೆತ್ತನೆಯದು ಏನೋ ಅಲ್ಲಾಡುತ್ತಿತ್ತು. ನಿಜವಾದ ಹವಳವನ್ನು ಕೆಳಗೆ ಮುಚ್ಚಿಟ್ಟು ಮೇಲೆ ಇದನ್ನು ಹಾಕಿದ್ದೇವೆ ಎಂದು ಅವರಿಗೆ ಖಾತ್ರಿಯಾಯಿತು. “ಇರಲಿ ಬಿಡ್ರಿ, ಯಾರಿಗೂ ಹೇಳಂಗಿಲ್ಲ,” ಎಂದು ಹೋದವರು ಸ್ವಲ್ಪ ಹೊತ್ತಿಗೆ ಹರಿದ ಹವಳದ ಸರವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದರು.

“ತಂಗಿ, ಇದರಾಗಿನ ಮಣಿ ಕಳದಾವು. ಹೊಂದೂವು ಇದ್ರ ತಗದಿಡು. ಭಾಳ ದೊಡ್ಡವು ಬ್ಯಾಡ, ಮಂದಿ ಕಣ್ಣ ಬೀಳತಾವು.”

ಟಪ್

ಹಳೆಯ ತೊಟ್ಟಿಯ ಕಲ್ಲು, ಮರಳು, ಮೀನು ಎಲ್ಲ ಹೊಸದಕ್ಕೆ ಇಳಿದವು. ಉಸಿರು ಬಿಟ್ಟು ಚಹಾ ಹಿಡಿದು ಕೂತೆವು. ಆಗ ತೊಟ್ಟಿಯಿಂದ ‘ಟಪ್’ ಅಂತ ಸದ್ದು.

“ಗಾಜ ಬಿರುಕ ಬಿಡಾಕತ್ತೈತಿ!” ನಮ್ಮವರು ಎದ್ದು ನಿಂತರು. “ಆ ಗಾಜಿನಂಗಡಿಯಂವಾ ಹಳೇ ಗಾಜ ಹಾಕ್ಯಾನ, ನಾ ಮೊದಲ ಹೇಳಿದ್ದೆ.”

ಮತ್ತೆ ‘ಟಪ್’. ತೊಟ್ಟಿ ಒಡೆದರೆ ಇಷ್ಟು ವರ್ಷ ಸಾಕಿದ್ದೆಲ್ಲ ನೆಲದ ಪಾಲು. ಅತ್ತೆ ದೇವರ ಫೋಟೋಗಳನ್ನು ಅಟ್ಟಕ್ಕೆ ಏರಿಸಿದರು. ನಮ್ಮವರು ತೊಟ್ಟಿ ಮಾಡಿಕೊಟ್ಟ ಗಾಜಿನಂಗಡಿಯವರಿಗೆ ಫೋನು ಹಚ್ಚಿ ಬೈದರು. ಅವರು ಓಡಿ ಬಂದು, ಗಾಜು ಸವರಿ, ನಮ್ಮನ್ನೇ ಕೆಕ್ಕರಿಸಿ ನೋಡಿದರು.

“ಗಾಜ ಸರಿ ಐತ್ರಿ. ನೀವ ಕಲ್ಲ ಎತ್ತಿ ಒಗದಿರಬೇಕು.”

“ನಾವ್ಯಾಕ ಒಗೀತೀವಿ? ನೀವ ಮೋಸ ಮಾಡೀರಿ!”

ಸುಮ್ಮನಿರಲಾರದೆ ನಾನು ಮೀನುಗಳನ್ನು ಮತ್ತೆ ಬಕೆಟ್ಟಿಗೆ ಹಿಡಿದು ಹಾಕತೊಡಗಿದೆ. ತೊಟ್ಟಿಯ ಭಾರ ಇಳಿಯಲೆಂದು ಗಾಜಿನವರೇ ದೊಡ್ಡ ಕಲ್ಲನ್ನು ಎತ್ತಿ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಇಳಿಸಿದರು.

ಬಕೆಟ್ಟಿನೊಳಗಿಂದ ‘ಟಪ್’.

ಎಲ್ಲರೂ ಗಾಜಿನವರ ಮುಖ ನೋಡಿದೆವು. ಅವರು ಎರಡೂ ಕೈ ಎತ್ತಿದರು: “ಬಕೆಟ್ ನಾ ಮಾಡಿದ್ದಲ್ರಿ ಮತ್ತ!”

ಟಾರ್ಚು ಬಿಟ್ಟು ನೋಡಿದೆ. ಕಲ್ಲಿನ ತೂತಿನಿಂದ, ಇಷ್ಟು ದಿನ ಅಡಗಿದ್ದು ಈಗ ಕೆರಳಿದ, ಬೆರಳುದ್ದದ ಒಂದು ಸೀಗಡಿ ಹೊರಬಂತು. ಅದರ ಇಕ್ಕಳದಂಥ ಒಂದು ಕೊಂಡಿ ಮಾತ್ರ ಮೈಗೆ ಹೊಂದದಷ್ಟು ದಪ್ಪ. ಅದನ್ನು ಅದುಮಿ ಚಿಟಿಕೆ ಹಾಕಿದರೆ ಸಾಕು, ಈ ಸದ್ದು.

ಅತ್ತೆ ಮಗನ ಕಡೆ ತಿರುಗಿದರು. “ಪಾಪ ಅವರನ್ನ ಬೈದಿ. ಈಗ ಇದನ್ನೂ ಬೈದು ನೋಡೂಣು.”

ನಮ್ಮವರು ಬಕೆಟ್ಟಿನ ಮೇಲೆ ಬಗ್ಗಿ ಬಾಯಿ ತೆರೆದರು. ಸೀಗಡಿ ‘ಟಪ್’ ಅಂತು. ನಮ್ಮವರು ಬಾಯಿ ಮುಚ್ಚಿದರು.